ಅಪ್ಪನ ಕಾರಿನ ಏರಿಯಲ್

ರೇಡಿಯೊ ರಿಪೇರಿಯವನು ಕಣ್ಣು ಮುಚ್ಚಿ ತನ್ನ ಬಲಗಿವಿಯ ಹಾಲೆ ಹಿಡಿದನೆಂದರೆ ಏಳು ಸಮುದ್ರದಾಚೆಯ ಬಾನುಲಿ ಕೇಂದ್ರಗಳಲ್ಲೂ ಜನ ನೆಟ್ಟಗೆ ಕೂರುತ್ತಾರೆಂದು ಪ್ರತೀತಿ. ಹಾಡುವವರು ಗಂಟಲು ಸರಿಮಾಡಿಕೊಳ್ಳುತ್ತಾರೆ, ವಾರ್ತೆಯವರು ಹಾಳೆ ಜೋಡಿಸಿಕೊಳ್ಳುತ್ತಾರೆ, ಆಕಾಶದಲ್ಲಿ ಅಂಡಲೆಯುವ ಅಲೆಗಳೆಲ್ಲ ಬಾಲ ಮುದುರಿಕೊಂಡು ಅವನ ಅಂಗಡಿ ಮುಂದೆ ಸಾಲುಗಟ್ಟುತ್ತವೆ. ಸೈಕಲ್ ಅಂಗಡಿಗೂ ಲಾಂಡ್ರಿಗೂ ನಡುವೆ ಸಿಕ್ಕಿಕೊಂಡ ಆ ಗೂಡಿನಲ್ಲಿ ಮೂವತ್ತೊಂದು ವರ್ಷದಿಂದ ಈ ಪವಾಡ ನಡೆದಿದೆ. ನಂಬದವಳು ಅವನ ಹೆಂಡತಿ ಒಬ್ಬಳೇ. ಸಾವಿರ ಮೈಲಿ ಆಚೆಯ ಕೆಮ್ಮು ಕೇಳಿಸುವ ಮಹಾನುಭಾವನಿಗೆ ಅಡುಗೆಮನೆಯಿಂದ ಕೂಗಿದರೆ ಕೇಳಿಸುವುದಿಲ್ಲ ಎಂಬುದು ಅವಳ ತಕರಾರು.

ನಿವೃತ್ತ ಡ್ರಾಯಿಂಗ್ ಮೇಡಂ ಆ ಶನಿವಾರ ಅಪ್ಪನ ಕಾಲದ ಕಾರನ್ನು ಅಲ್ಲಿ ತಂದು ನಿಲ್ಲಿಸಿದಾಗ ಈ ಕಥೆಗಳನ್ನೆಲ್ಲ ನಂಬಿಬಿಟ್ಟಿದ್ದರು. ನಂಬದೆ ಗತಿ ಇರಲಿಲ್ಲ. ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದಿದ್ದ ಕಾರನ್ನು ಗುಜರಿಗೆ ಹಾಕುವುದೇ ಸೈ ಎಂದು ಅಣ್ಣ ಪಟ್ಟು ಹಿಡಿದಿದ್ದ. ಕೊನೆಗೆ ಒಂದು ಒಪ್ಪಂದವಾಗಿತ್ತು: ಭಾನುವಾರದೊಳಗೆ ಬಣ್ಣವೂ ರೇಡಿಯೊವೂ ಅಪ್ಪ ಇದ್ದಾಗಿನಂತಾದರೆ ಕಾರು ಮನೆಗೆ, ಇಲ್ಲವಾದರೆ ಗುಜರಿಗೆ. ಮೇಡಂ ಮೂರು ತಿಂಗಳು ಕೂತು, ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿ, ಸಂದುಗೊಂದಿಗೂ ಬ್ರಷ್ ತೂರಿಸಿ ತಾವೇ ಬಣ್ಣ ಹೊಡೆದಿದ್ದರು. ಕಾರು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ರೇಡಿಯೊ ಮಾತ್ರ ಕಾದ ಬಾಣಲೆಗೆ ನೀರು ಬಿದ್ದಂತೆ ಚೊರ್ರೆನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಅಣ್ಣ ನ್ಯಾಯಾಧೀಶನಂತೆ ಕೈಕಟ್ಟಿ ಕೂತಿದ್ದ.

ರಿಪೇರಿಯವನು ಕಿವಿ ಹಿಡಿದ. ಏನು ಕೇಳಿಸುತ್ತಿರಬಹುದೆಂಬ ಕುತೂಹಲಕ್ಕೆ ಮೇಡಂ ಕೂಡ ಮೆಲ್ಲಗೆ ತಮ್ಮ ಕಿವಿ ಹಿಡಿದು ನೋಡಿದರು. ಬರೀ ಚೊರ್ರೇ. ಎಂಜಿನ್ ಆರಿಸಿದರೂ ಅದೇ ರಾಗ. ಮಡ್‌ಗಾರ್ಡಿನ ಮೇಲೆ ನಿಂತು ಅಲೆ ಹಿಡಿಯುವ ಕಡ್ಡಿ, ಅಂದರೆ ಏರಿಯಲ್ಲು, ಅದರಿಂದ ಬಂದ ತಂತಿಯನ್ನು ಅವನು ರೇಡಿಯೊದಿಂದ ಕಿತ್ತು, ತನ್ನದೊಂದು ಮೊಳದುದ್ದದ ತಂತಿ ಸಿಕ್ಕಿಸಿ ಕಿಟಕಿಯಾಚೆ ಇಳಿಬಿಟ್ಟ. ತಕ್ಷಣ ಯಾರೋ ಸ್ಪಷ್ಟವಾಗಿ ಈರುಳ್ಳಿ ಧಾರಣೆ ಹೇಳತೊಡಗಿದರು. ಅಣ್ಣನ ಕಟ್ಟಿದ ಕೈ ಸಡಿಲವಾಯಿತು.

ರೇಡಿಯೊ ಗಟ್ಟಿಮುಟ್ಟಾಗಿದೆ ಎಂದವನೇ ರಿಪೇರಿಯವನು ಮಡ್‌ಗಾರ್ಡಿನ ಕೆಳಗೆ ತೂರಿ, ಏರಿಯಲ್ ಬುಡದ ನಟ್ಟು ಬಿಚ್ಚಿ, ಉಪ್ಪುಕಾಗದದಿಂದ ಬಣ್ಣ ಉಜ್ಜತೊಡಗಿದ. ಮೇಡಂಗೆ ತಮ್ಮ ಚರ್ಮವನ್ನೇ ಸುಲಿದಂತಾಯಿತು.

"ಅಲ್ರೀ, ಅದು ಮೂರು ಕೋಟ್ ಹೊಡೆದಿರೋದು."

"ಕಾಣದಿರೋ ಜಾಗ, ಮೇಡಂ. ಏರಿಯಲ್ ಬುಡಕ್ಕೆ ಬರಿ ತಗಡು ತಾಗಬೇಕು. ಬಣ್ಣ ಅಡ್ಡ ಬಂದ್ರೆ ಮುಗೀತು."

ನಾಣ್ಯದಗಲ ತಗಡು ಬೆಳ್ಳಗೆ ಮಿನುಗಿತು. ನಟ್ಟು ಬಿಗಿಯಾಯಿತು, ಕಾರಿನ ತಂತಿ ಮತ್ತೆ ತನ್ನ ಜಾಗ ಸೇರಿತು. ಧಾರಣೆಯವರು ಈರುಳ್ಳಿ ಮುಗಿಸಿ ಆಲೂಗಡ್ಡೆಗೆ ಬಂದಿದ್ದರು, ಒಂದಕ್ಷರವೂ ಮಸುಕಿಲ್ಲ. ಅಣ್ಣ ಆಲೂಗಡ್ಡೆಯನ್ನೂ ಪೂರ್ತಿ ಕೇಳಿಸಿಕೊಂಡು, ಸೋತವನ ಗತ್ತಿನಲ್ಲಿ ಕೆಳಗಿಳಿದ.

"ಇಟ್ಕೊಳ್ಳೇ, ಮಾರಾಯ್ತಿ."

ಮೇಡಂ ಕಣ್ಣಿನಲ್ಲಿ ಭಕ್ತಿ ತುಂಬಿ ಬಂತು. ಇಷ್ಟೊಂದು ತಂತಿ, ತಿರುಪುಗಳಿರುವಾಗ ನೇರವಾಗಿ ಆ ಬಣ್ಣಕ್ಕೇ ಕೈ ಹಾಕಿದ್ದು ಹೇಗೆ, ಯಾವ ಗುರುವಿನಿಂದ ಒಲಿದ ವಿದ್ಯೆ ಇದು ಎಂದು ಕೇಳಿದರು.

ಅವನು ಚಿಂದಿಬಟ್ಟೆಗೆ ಕೈ ಒರೆಸಿಕೊಂಡ.

"ನಮ್ಮ ಮಾವನ ಕಾರಿಗೆ ನಾನೇ ಬಣ್ಣ ಹೊಡೆದಿದ್ದೆ, ಮೇಡಂ. ಗೊತ್ತಾಗೋಕೆ ಎರಡು ವರ್ಷ ಹಿಡೀತು."