ಸೊನ್ನೆಗಿಳಿಯದ ಬಣ್ಣ

ಡಯಾಲಿಸಿಸ್‌ಗೆಂದು ಕಾರಟಗಿಯಿಂದ ಕೊಪ್ಪಳಕ್ಕೆ ಬರುತ್ತಿದ್ದ ನನ್ನ ಅಕ್ಕ ಎಲ್ಲ ಔಷಧಿಗೂ ಹೂಂ ಎನ್ನುತ್ತಿದ್ದಳು, ನಾನು ಕೊಡುತ್ತೇನೆಂದ ನನ್ನ ಕಿಡ್ನಿಗೆ ಮಾತ್ರ ಬೇಡ ಎನ್ನುತ್ತಿದ್ದಳು. ಹೊಂದುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಆಕೆ ಕೊಟ್ಟ ಕಾರಣ ಕೇಳಿ ನನಗೆ ಮೈಯೆಲ್ಲ ಉರಿಯಿತು.

"ನಮ್ಮಾಗ ಸುಡೂದಿಲ್ಲ, ಹೂಳ್ತಾರ. ನಾ ಸತ್ರ ನಿಂದೂ ನನ್ನ ಕೂಡ ಕುಣ್ಯಾಗ ಹೋಗ್ತೈತಿ. ಜೀವಂತ ಇದ್ದಾಕಿಗೆ ಮಣ್ಣು ಕೊಡಬಾರದವಾ."

"ನಿನ್ನ ತಲಿ! ಮದಲ ಬದುಕು, ಸಾಯೂದು ಆಮ್ಯಾಲ ನೋಡೂಣು."

ಕಿಡ್ನಿಯಲ್ಲಿ ರಕ್ತ ಹರಿಯುವುದನ್ನು ನೋಡುವುದೇ ನನ್ನ ಕೆಲಸ. ಅರಿವಳಿಕೆ ಕೊಟ್ಟ ಇಲಿಯ ಕಿಡ್ನಿಯ ಮೇಲೆ ಲೇಸರ್ ಬೆಳಕು ಬಿಡುತ್ತೇನೆ. ರಕ್ತ ಓಡುವ ಕಡೆ ಬೆಳಕಿನ ಚುಕ್ಕೆಗಳು ನಡುಗುತ್ತವೆ. ಕ್ಯಾಮೆರಾ ಆ ನಡುಕವನ್ನು ಬಣ್ಣ ಮಾಡಿ ಪರದೆಗೆ ತರುತ್ತದೆ. ಜೋರು ಹರಿವು ಕೆಂಪು, ಮಂದ ಹರಿವು ನೀಲಿ. ಒಂದು ದಿನ ಡಯಾಲಿಸಿಸ್ ಮುಗಿದ ಮೇಲೆ ಅಕ್ಕನನ್ನು ಅದೇ ಊರಿನ ನನ್ನ ಪ್ರಯೋಗಾಲಯಕ್ಕೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದೆ.

ಕತ್ತಲ ಕೋಣೆಯಲ್ಲಿ ಪರದೆಯ ಮೇಲೆ ಕೆಂಪು ತೇಪೆಗಳು ಮೆಲ್ಲಗೆ ಏರಿ ಇಳಿಯುತ್ತಿದ್ದವು. ಔಷಧಿಯಿಂದ ಇಲಿಯ ರಕ್ತದೊತ್ತಡ ಏರಿಸಿದೆ. ಹರಿವು ಒಮ್ಮೆ ಜಿಗಿಯಿತು, ಮತ್ತೆ ತಾನಾಗಿಯೇ ಹಳೆಯ ಮಟ್ಟಕ್ಕೆ ಬಂದು ನಿಂತಿತು.

"ಇಳಿ ಅಂತ ಅದಕ್ಕ ಯಾರು ಹೇಳ್ತಾರ?" ಅಕ್ಕ ಕೇಳಿದಳು.

"ಯಾರೂ ಇಲ್ಲ. ಕಿಡ್ನಿಗೆ ಬರೂ ನರ ಕತ್ತರಿಸೀನಿ. ತನ್ನ ರಕ್ತನಾಳ ತಾನ ಬಿಗಿ ಮಾಡ್ಕೊಂತೈತಿ."

"ಕಾಲುವಿ ತುಂಬಿದಾಗ ತೂಬು ಇಳಿಸಿದಂಗ ಆತು." ನನ್ನ ಕಡೆ ತಿರುಗಿ ಕೇಳಿದಳು, "ಹಂಗಾದ್ರ ನಿಂದು ನನ್ನೊಳಗ ಬಂದ್ರೂ, ಯಾರ ಮನ್ಯಾಗ ಅದೀನಿ ಅಂತ ಅದಕ್ಕ ಗೊತ್ತಾಗಂಗಿಲ್ಲ?"

"ಇಲ್ಲಬೇ. ತನ್ನ ಕೆಲಸ ತಾ ಮಾಡ್ತೈತಿ."

ಪ್ರಯೋಗ ಮುಗಿಸಿ ಇಲಿಯ ಹೃದಯ ನಿಲ್ಲಿಸಿದೆ. ಕೆಂಪು ಹೋಯಿತು, ಹಳದಿ ಹೋಯಿತು. ಕಡುನೀಲಿಯೊಂದು ಮಿನುಗುತ್ತ ಉಳಿಯಿತು.

"ಅಯ್ಯ, ಇನ್ನೂ ಐತಲ್ಲ!" ಅಕ್ಕ ನನ್ನ ತೋಳು ಹಿಡಿದಳು. ಕೈ ತಣ್ಣಗಿತ್ತು.

ರಕ್ತ ನಿಂತರೂ ಒಳಗಿನ ಸಣ್ಣ ಕಣಗಳು ಅಲುಗುತ್ತಲೇ ಇರುತ್ತವೆ, ಅದಕ್ಕೇ ಯಂತ್ರ ಸೊನ್ನೆ ತೋರಿಸುವುದಿಲ್ಲ, ಅದು ಜೀವ ಅಲ್ಲ ಎಂದು ತಿಳಿಸಿ ಹೇಳಿದೆ. ಎಷ್ಟೋ ಸಲ ನೋಡಿದ್ದ ಆ ಮಿನುಗಿಗೆ ಅಂದು ಮೊದಲ ಬಾರಿ ನನಗೂ ಹೆದರಿಕೆಯಾಯಿತು.

ಬಸ್ಸು ಹತ್ತುವಾಗ ಅಕ್ಕ ತಿರುಗಿ, "ಆತು, ಕೊಡವಾ ನಿಂದು. ಆದ್ರ ನನಗ ಮಣ್ಣು ಕೊಡೂಮುಂದ ನೀ ಬರಬ್ಯಾಡ," ಎಂದಳು. ನಾನು ನಕ್ಕು ಕೈ ಬೀಸಿದೆ.

ನನ್ನ ಕಿಡ್ನಿ ಹಾಕಿದ ಮೇಲೆ ಆಕೆ ಕೆಲವು ವರ್ಷ ಛಲೋ ಇದ್ದಳು, ಡಯಾಲಿಸಿಸ್ ದಿನಗಳಲ್ಲಿ ಅಳೆದು ಕುಡಿಯುತ್ತಿದ್ದ ನೀರನ್ನು ಹೊಟ್ಟೆ ತುಂಬ ಕುಡಿದಳು. ಆಮೇಲೆ ಒಂದು ಜ್ವರ ಬಂತು, ಬಿಡಲೇ ಇಲ್ಲ.

ಮಣ್ಣಿಗೆ ಬರಬೇಡ ಎಂದಿದ್ದಳು. ಮನಸ್ಸು ತಡೆಯದೆ ಹೋದೆ. ಅಕ್ಕನ ಹಣೆ ತುಂಬ ವಿಭೂತಿ ಬಳಿದು ಕುಣಿಯಲ್ಲಿ ಕೂರಿಸಿದ್ದರು. "ಒಡಹುಟ್ಟಿದಾಕಿ, ಮುಂದ ಬರ್ರಿ, ಮಣ್ಣು ಕೊಡ್ರಿ," ಎಂದರು. ಹಿಡಿ ತುಂಬ ಮಣ್ಣು ತೆಗೆದುಕೊಂಡು ಬಗ್ಗಿದೆ. ಸೀರೆಯ ಮಡಿಕೆಯ ಕೆಳಗೆ, ಹೊಟ್ಟೆಯ ಬಲಗಡೆ, ನನ್ನ ಕಿಡ್ನಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅಲ್ಲಿ ಆ ಕಡುನೀಲಿ ಮಿನುಗಿದಂತಾಯಿತು.

"ತಡೀರಿ! ಇನ್ನೂ ಐತಿ!" ಎಂದು ಕೂಗಿಬಿಟ್ಟೆ.

ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ನನ್ನನ್ನು ಹಿಂದಕ್ಕೆ ಎಳೆದರು. ಬೇರೆ ಯಾರದೋ ಕೈಯಿಂದ ಮೊದಲ ಮಣ್ಣು ಅಕ್ಕನ ಮಡಿಲಿಗೆ ಬಿತ್ತು. ನನ್ನ ಸೊಂಟದ ಹಳೆಯ ಹೊಲಿಗೆಯ ಜಾಗ ತಣ್ಣಗಾಯಿತು.