ಲುಡ್ಮಿಲಾ ಮೇಡಂಗೆ ಬಿದ್ದ ಅಂಕ

ಮೊರಾವಿಯಾ ಪ್ರಾಂತ್ಯದ ಒಂದು ಊರಿನ ವೈದ್ಯಕೀಯ ಕಾಲೇಜಿನಲ್ಲಿ ಲುಡ್ಮಿಲಾ ಹ್ರಾಡಿಲೊವಾ ಹೆಣ ಕೊಯ್ದು ಪಾಠ ಹೇಳುತ್ತಲೇ ತಲೆ ನರೆಸಿಕೊಂಡವಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಊಹಿಸಿ ಬೊಗಳೆ ಬಿಟ್ಟವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಅಂಥವಳ ಕೆಲಸಕ್ಕೇ ಈಗ ಕುತ್ತು ಬಂದಿತ್ತು. ಜೂನ್‌ಗೆ ಒಪ್ಪಂದ ಮುಗಿಯುತ್ತಿತ್ತು. ವಿದ್ಯಾರ್ಥಿಗಳು ಫಾರಂ ತುಂಬಿ ಮೇಷ್ಟ್ರುಗಳಿಗೆ ಕೊಡುವ ಅಂಕದ ಸರಾಸರಿ ಮೂರಕ್ಕಿಂತ ಕಡಿಮೆಯಾದವರನ್ನು ಮುಂದುವರಿಸುವುದಿಲ್ಲ ಎಂದು ಹೊಸ ನಿಯಮ ಬೇರೆ.

ಡೀನ್ ಕುಬೀಚೆಕ್ ಅವಳನ್ನು ಕರೆಸಿ ಕಾಫಿ ಕೊಟ್ಟ. ಅವನು ಕಾಫಿ ಕೊಟ್ಟನೆಂದರೆ ಸುದ್ದಿ ಕೆಟ್ಟದ್ದೆಂದೇ ಲೆಕ್ಕ.

"ಐದಕ್ಕೆ ಒಂದೂವರೆನೂ ಬಂದಿಲ್ಲ ಮೇಡಂ. ಹೆಚ್ಚುಕಮ್ಮಿ ಎಲ್ರೂ ಒಂದು ಹಾಕಿದಾರೆ."

"ಅಲ್ಲ ಡೀನ್ ಸಾಹೇಬ್ರೇ, ನಮ್ಮ ಶಾಲೆಗಳಲ್ಲಿ ಚೆನ್ನಾಗಿ ಓದೋರಿಗೆ ಒಂದು, ದಡ್ಡರಿಗೆ ಐದು. ನಿಮ್ಮ ಮೊಮ್ಮಗಳು ಒಂದು ತಗೊಂಡು ಬಂದ್ರೆ ಬೈತೀರಾ?"

"ಈ ಫಾರಂ ಹೊರದೇಶದಿಂದ ತರಿಸಿದ್ದು. ಇದರಲ್ಲಿ ಐದೇ ಮೇಲು. ಕೆಳಗೆ ಸಣ್ಣಕ್ಷರದಲ್ಲಿ ಇದೆ."

"ಮತ್ತೆ ನಮ್ಮ ಶಿಮಾರಾ ಮೇಷ್ಟ್ರಿಗೆ ಅಷ್ಟೊಂದು ಐದು ಹೇಗೆ ಬಿತ್ತು?"

ಅದು ಇಡೀ ಕಾಲೇಜಿಗೆ ಗೊತ್ತಿದ್ದ ವಿಷಯ. ಫೋನು ನೋಡಿಕೊಂಡೇ ಪಾಠ ಓದಿ ಮುಗಿಸುವ ಆ ಮಹಾನುಭಾವ ಕೊನೆಯ ದಿನ ಪ್ಲಮ್ ಹಣ್ಣಿನ ಬನ್ನು ಹಂಚಿ, "ಮಕ್ಕಳಾ, ಇದರಲ್ಲಿ ಐದೇ ಒಳ್ಳೇದು, ಮರೀಬೇಡಿ" ಎಂದು ಬಾಗಿಲಲ್ಲೇ ನಿಂತಿದ್ದ. ಫಾರಂ ತುಂಬುವಾಗ ಮೇಷ್ಟ್ರು ಒಳಗಿರಬಾರದು ಎಂಬ ನಿಯಮವನ್ನು ಪಾಲಿಸಿ ಕಾರಿಡಾರಿನಲ್ಲಿ ನಿಂತವಳು ಲುಡ್ಮಿಲಾ ಒಬ್ಬಳೇ.

"ನನ್ನ ಅಂಕ ತಿರುಗಿಸಿ ಓದಿ, ಒಂದನ್ನ ಐದು ಅಂತ" ಎಂದಳು.

"ಓದಬಹುದು. ಆದ್ರೆ ನಿಜವಾಗ್ಲೂ ಸಿಟ್ಟಲ್ಲೇ ಒಂದು ಹಾಕಿದೋರು ಯಾರೂ ಇಲ್ಲ ಅಂತ ಹೇಳ್ತೀರಾ?"

"ಗೊತ್ತಿಲ್ಲ" ಎಂದಳು. ಊಹಿಸಿ ಹೇಳುವುದು ಅವಳಿಗೆ ಆಗದ ಕೆಲಸ.

ಕೊನೆಗೆ ಡೀನ್ ತಾನೇ ಹೋಗಿ, ಐದೇ ಮೇಲೆಂದು ಬಿಡಿಸಿ ಹೇಳಿ, ಅವಳ ವಿದ್ಯಾರ್ಥಿಗಳಿಂದ ಮತ್ತೆ ಫಾರಂ ತುಂಬಿಸಿದ. ಈ ಸಲ ಐದರ ಸುರಿಮಳೆ. ಕೆಲಸ ಉಳಿಯಿತು. ಅವಳು ಮೊದಲ ಬಾರಿಗೆ ಶಿಳ್ಳೆ ಹಾಕುತ್ತಾ ಹೆಣ ಕೊಯ್ಯುವ ಕೋಣೆಗೆ ಹೋದಳು.

ಅಲ್ಲಿ ವೊಯ್ತೆಖ್ ಒಬ್ಬನೇ ಕೂತಿದ್ದ. ಅವಳು ಎರಡು ಸಲ ಫೇಲು ಮಾಡಿದ್ದ ಹುಡುಗ.

"ನೀನೂ ಐದು ಕೊಟ್ಟೆಯೇನಯ್ಯಾ?"

"ಕೊಟ್ಟೆ ಮೇಡಂ." ಅವನು ತಲೆ ಕೆರೆದುಕೊಂಡ. "ಮೊದಲ ಸಲ ಒಂದು ಹಾಕಿದ್ದೆ. ಕೆಳಗಿದ್ದ ಸಣ್ಣಕ್ಷರ ಓದಿಕೊಂಡೇ ಹಾಕಿದ್ದೆ. ಆಮೇಲೆ ಡೀನು, ನಿಮ್ಮ ಕೆಲಸ ಹೋಗುತ್ತೆ ಅಂದ್ರು. ಪಾಪ ಅನ್ನಿಸ್ತು. ಎಲ್ಲರಿಗೂ ಹಾಗೇ ಅನ್ನಿಸ್ತು."

ಲುಡ್ಮಿಲಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷದ ಪಾಠಕ್ಕೆ ಬಂದ ಬೆಲೆ ಪಾಪ ಅನ್ನುವ ಮಾತು. ಇಡೀ ರಾಶಿಯಲ್ಲಿ ಅವಳು ಕಣ್ಣು ಮುಚ್ಚಿ ನಂಬಬಹುದಾಗಿದ್ದ ಅಂಕವೆಂದರೆ ಈ ಹುಡುಗ ಸಿಟ್ಟಿನಲ್ಲಿ ಹಾಕಿದ್ದ ಒಂದು. ಅದನ್ನೂ ಅವನು ತಿದ್ದಿಬಿಟ್ಟಿದ್ದ.

ಅವಳು ಎದ್ದು ಕೈಗವಸು ಹಾಕಿಕೊಂಡಳು. ಮೇಜಿನ ಮೇಲಿದ್ದ ಹೆಣದ ತೋಳಿನ ಒಳಗಿಂದ ಇಕ್ಕಳದಲ್ಲಿ ಒಂದು ಎಳೆಯನ್ನು ಎತ್ತಿ ಹಿಡಿದಳು.

"ಇದೇನು?"

"ನರ, ಮೇಡಂ."

"ರಕ್ತನಾಳ ಕಣೋ. ಬಾ ಇಲ್ಲಿ, ಮೊದಲಿಂದ ಬಿಡಿಸು."