ಕ್ಲೆರ್ಸಿನಾ ಎಬ್ಬಿಸದ ಹೆಣ

ನಮ್ಮ ಅಕೆನ್ ಊರಿಗೆ ಬರುವ ಪ್ರವಾಸಿಗಳಿಗೆ ವಿಲ್ಬೆ ಎಂಬ ಗೈಡು ಕಡಲ ಕಡೆಯ ಒಂದು ಪಾಳುಮನೆ ತೋರಿಸಿ, ಮಾಂಬೊ ಕ್ಲೆರ್ಸಿನಾ ಸತ್ತವರನ್ನು ಎಬ್ಬಿಸುತ್ತಿದ್ದದ್ದು ಇಲ್ಲೇ ಎನ್ನುತ್ತಾನೆ. ಅದು ಹಂದಿ ಕಡಿಯುವವನ ಮನೆ. ಅವಳು ನೂರಿಪ್ಪತ್ತು ವರ್ಷ ಬದುಕಿದಳಂತೆ, ರಕ್ತ ಕುಡಿಯುತ್ತಿದ್ದಳಂತೆ, ಅಮೆರಿಕದ ಸಿಪಾಯಿಯೊಬ್ಬನನ್ನು ಹೇಸರಗತ್ತೆ ಮಾಡಿದಳಂತೆ. ಆ ಕಾಲದಲ್ಲಿ ಹೈಟಿಯ ತುಂಬ ಅಮೆರಿಕದ ಸಿಪಾಯಿಗಳೇ ಇದ್ದರು. ಅಂಥ ವಿದ್ಯೆ ಗೊತ್ತಿದ್ದವಳು ಒಬ್ಬನಿಗೇ ಯಾಕೆ ನಿಲ್ಲಿಸಿದಳು ಎಂದು ಯಾವ ಪ್ರವಾಸಿಯೂ ಕೇಳಿದ್ದಿಲ್ಲ. ಕೇಳಲು ಅವರು ದುಡ್ಡು ಕೊಟ್ಟು ಬಂದಿರುವುದಿಲ್ಲ, ನಂಬಲು ಬಂದಿರುತ್ತಾರೆ.

ಕ್ಲೆರ್ಸಿನಾ ಇದ್ದದ್ದು ನಮ್ಮ ಬೇಲಿಯಾಚೆ. ನಾನು ಅವಳ ಹಿತ್ತಲಲ್ಲೇ ಆಡಿ ಬೆಳೆದವಳು. ಕುಳ್ಳಗೆ, ದಪ್ಪಗಿದ್ದಳು. ಊರಿನ ವಕೀಲರ, ವ್ಯಾಪಾರಿಗಳ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಬದುಕುತ್ತಿದ್ದಳು. ಮಾಂಬೊ ಆಗಿದ್ದಳೆಂಬುದು ನಿಜ. ವೂಡೂ ಪೂಜೆಯ ಅಧಿಕಾರ ಅವಳಿಗೆ ಚಿಕ್ಕಮ್ಮನಿಂದ ಬಂದಿತ್ತು. ಜ್ವರ ಬಂದವರಿಗೆ ಸೊಪ್ಪಿನ ಸ್ನಾನ ಮಾಡಿಸುತ್ತಿದ್ದಳು, ಮನೆತನದ ದೈವಗಳಿಗೆ ಎಡೆ ಇಡುತ್ತಿದ್ದಳು, ಸತ್ತವರ ಹೆಸರುಗಳನ್ನು ಒಂದೂ ತಪ್ಪದೆ ಹಾಡುತ್ತಿದ್ದಳು. ಡಾಮಿನೊ ಆಟದಲ್ಲಿ ಮಾತ್ರ ನಾಚಿಕೆಯಿಲ್ಲದೆ ಮೋಸ ಮಾಡುತ್ತಿದ್ದಳು.

ಅವಳ ಗಂಡ ಒಸ್ನೆಲ್, ಊರಿನ ಅರ್ಧ ಗಂಡಸರಂತೆ, ಕಬ್ಬು ಕಡಿಯಲು ಕ್ಯೂಬಾಕ್ಕೆ ಹೋದ. ಕೆಲವು ವರ್ಷಗಳ ಮೇಲೆ, ಜೊತೆಗೆ ಹೋಗಿದ್ದವನೊಬ್ಬ ಹಿಂದಿರುಗಿ ಅವನು ಸತ್ತನೆಂದು ಹೇಳಿದ. ಹೆಣ ಇರಲಿಲ್ಲ. ಕ್ಲೆರ್ಸಿನಾ ಅವನ ಅಂಗಿಯೊಂದನ್ನು ಪೆಟ್ಟಿಗೆಯಲ್ಲಿಟ್ಟು ಹೂಳಿಸಿ, ಪ್ರಾರ್ಥನೆಗೆ ಬಂದವರಿಗೆಲ್ಲ ಕಾಫಿ ಕೊಟ್ಟು, ಕಪ್ಪು ಬಟ್ಟೆ ಉಟ್ಟಳು.

ಮುಂದೆ ಕ್ಯೂಬಾದವರು ನಮ್ಮವರನ್ನು ಹಡಗು ತುಂಬಿ ಅಟ್ಟಿದಾಗ, ಆ ಗುಂಪಿನಲ್ಲಿ ಒಸ್ನೆಲ್ ಇಳಿದ. ಕಡ್ಡಿಯಂತಾಗಿದ್ದ. ತಲೆಯ ಮೇಲೆ ಉದ್ದದ ಗಾಯದ ಗುರುತು. ಮಾತಿಲ್ಲ, ಹೆಜ್ಜೆ ಎಳೆಯುತ್ತಿದ್ದ. ಕ್ಲೆರ್ಸಿನಾ ಮತ್ತು ನನ್ನ ಅಮ್ಮ ಎರಡೂ ತೋಳು ಹಿಡಿದು ಮನೆಗೆ ಕರೆತಂದರು. ಮನೆ ಮುಟ್ಟುವಷ್ಟರಲ್ಲಿ ಬ್ರೆಡ್ ಅಂಗಡಿಯ ಮದಾಂ ಫಿಲಿಸ್ತೆನ್ ತೀರ್ಪು ಕೊಟ್ಟಾಗಿತ್ತು: ಇವನು ಜೋಂಬಿ, ಗೋರಿಯಿಂದ ಎಬ್ಬಿಸಿ ದುಡಿಸುವ ಹೆಣ.

"ಹೂತಿದ್ದು ನಾವೇ ನೋಡಿದೀವಲ್ಲ," ಎಂದಳು ಅಮ್ಮನಿಗೆ. "ಅವಳಿಗೆ ನೀರು ಹೊರೋಕೆ ಪುಕ್ಕಟೆ ಆಳು ಬೇಕಿತ್ತು, ಎಬ್ಬಿಸ್ಕೊಂಡ್ಳು."

"ಹೂತಿದ್ದು ಅಂಗಿ ಕಣೇ. ಅಂಗಿ ನಡ್ಕೊಂಡು ಬಂತಾ?"

"ಅಂಗಿಯಿಂದಾನೇ ಆಳು ಎಬ್ಬಿಸ್ತಾಳೆ ಅಂದ್ರೆ ಅವಳು ಎಂಥವಳಿರಬೇಕು ನೋಡು."

ಇಂಥ ಬುದ್ಧಿಯ ಜೊತೆ ವಾದ ಮಾಡುವುದು ಹೇಗೆ? ಅಂದಿನಿಂದ ಜನ ಬೇಲಿಯ ಸಂದಿಯಲ್ಲಿ ಇಣುಕತೊಡಗಿದರು. ಅವರಲ್ಲಿ ಹಲವರು ಒಸ್ನೆಲ್ ಜೊತೆ ಒಂದೇ ದೋಣಿಯಲ್ಲಿ ಮೀನು ಹಿಡಿದವರು. ಒಬ್ಬನೂ ಒಳಗೆ ಬಂದು ಹೇಗಿದ್ದೀಯ ಎನ್ನಲಿಲ್ಲ.

ಮಾತು ಗುಡ್ಡ ಹತ್ತಿತು. ಒಂದು ಬೆಳಿಗ್ಗೆ ಮೇಲಿನ ಹಳ್ಳಿಯಿಂದ ಒಬ್ಬ ರೈತ ಬಂದ. ಬಗಲಲ್ಲಿ ಒಂದು ಪುಟ್ಟ ಹಳದಿ ಲಂಗ.

"ನಿನ್ನ ಗಂಡಂಗೆ ಮಾಡ್ಕೊಂಡೆಯಲ್ಲ ತಾಯಿ, ನನ್ನ ಮಗಳಿಗೂ ಮಾಡು."

"ನಾನು ಯಾರನ್ನೂ ಎಬ್ಬಿಸಿಲ್ಲಪ್ಪ. ನನ್ನ ಗಂಡ ಸತ್ತೇ ಇರ್ಲಿಲ್ಲ."

ಅವನು ನಂಬಲಿಲ್ಲ. ಮಧ್ಯಾಹ್ನದವರೆಗೂ ಗೇಟಿನ ಹತ್ತಿರ ಕೂತ. ಆಮೇಲೆ ಕಲ್ಲೆದೆಯವಳೆಂದು ಅವಳಿಗೆ ಶಾಪ ಹಾಕಿ, ಲಂಗ ಮಡಚಿಕೊಂಡು ಗುಡ್ಡ ಹತ್ತಿದ. ಅಂದು ಕ್ಲೆರ್ಸಿನಾ ವಕೀಲರೊಬ್ಬರ ಪ್ಯಾಂಟು ಸುಟ್ಟಳು. ಅವಳ ಇಸ್ತ್ರಿಯಲ್ಲಿ ಬಟ್ಟೆ ಸುಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಜೋಂಬಿಯ ನಾಲಿಗೆಗೆ ಉಪ್ಪು ತಗುಲಿದರೆ ತನ್ನ ಸಾವು ನೆನಪಾಗಿ ಗೋರಿಗೆ ಓಡುತ್ತಾನೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಶನಿವಾರ, ಸಂತೆ ತುಂಬಿದ್ದಾಗ, ಕ್ಲೆರ್ಸಿನಾ ಕುರ್ಚಿಯೊಂದನ್ನು ಹೊತ್ತುತಂದು ಬ್ರೆಡ್ ಅಂಗಡಿಯ ಎದುರಿಗೇ ಹಾಕಿ ಗಂಡನನ್ನು ಕೂರಿಸಿದಳು. ತಟ್ಟೆಯಲ್ಲಿ ಬೇಯಿಸಿದ ಬಾಳೆಕಾಯಿ, ಮೇಲೆ ಉಪ್ಪುಮೀನು. ಸಂತೆಯೆಲ್ಲ ಸುತ್ತ ನೆರೆಯಿತು. ಒಸ್ನೆಲ್ ತಿಂದ, ಬೆರಳು ನೆಕ್ಕಿದ, ತಟ್ಟೆ ಚಾಚಿದ.

"ಇನ್ನೊಂದು ಮೀನು," ಎಂದ. ಅವನು ಬಂದ ಮೇಲೆ ನಾವು ಕೇಳಿದ ಮೊದಲ ಮಾತು ಅದು.

"ಗೋರಿ ಕಡೆ ಓಡ್ತಾನಾ ಅಂತ ಕಾಯ್ತಾ ಇರಿ," ಎಂದಳು ಕ್ಲೆರ್ಸಿನಾ. "ನಂಗೆ ಒಗೆಯೋ ಬಟ್ಟೆ ಇದೆ."

ಜನ ನಿಜವಾಗಿಯೂ ಕಾದರು. ಒಸ್ನೆಲ್ ಕುರ್ಚಿಯಲ್ಲೇ ನಿದ್ದೆ ಹೋದ. ಕೊನೆಗೆ ಮದಾಂ ಫಿಲಿಸ್ತೆನ್ ತಲೆದೂಗಿದಳು: "ಉಪ್ಪು ತಿಂದ ಜೋಂಬೀನೂ ಹಿಡಿದಿಟ್ಟಿದಾಳಲ್ಲ. ಇಂಥ ಮಾಂಬೊ ಸೀಮೆಯಲ್ಲೇ ಇಲ್ಲ."

ಅದೇ ಕಾಲಕ್ಕೆ ಬಿಳಿಯ ಲೇಖಕನೊಬ್ಬ ಸಿಪಾಯಿಗಳ ಅತಿಥಿಯಾಗಿ ಬಂದ. ಬ್ರೆಡ್ ಅಂಗಡಿಯಲ್ಲಿ ಕೂತು ಎಲ್ಲ ಕೇಳಿಕೊಂಡ. ನಮ್ಮ ಬೀದಿಗೆ ಕಾಲಿಡಲಿಲ್ಲ. ಅವನ ಪುಸ್ತಕದಲ್ಲಿ ಕ್ಲೆರ್ಸಿನಾ ಆಳೆತ್ತರ ಬೆಳೆದು, ಬೆಕ್ಕಿನ ಕಣ್ಣು ಪಡೆದು, ಬೆತ್ತಲೆ ಕುಣಿದಳು. ಮುಂದೆ ಯಾರೋ ಅದನ್ನು ಓದಿ ಹೇಳಿದಾಗ, ಕೀಲುನೋವಿನ ಅವಳು ಸೊಂಟ ನೀವಿಕೊಳ್ಳುತ್ತಾ, ಕುಣಿತ ಪೂರ್ತಿ ಮುಗಿಯಿತೋ ಇನ್ನೂ ಬಾಕಿ ಇದೆಯೋ ಎಂದು ಕೇಳಿದಳು.

ಮತ್ತೆ ಕೆಲವು ವರ್ಷಗಳಿಗೆ ಪಾದ್ರಿಗಳು ವೂಡೂ ಅಳಿಸಲು ಹೊರಟರು. ಪೊಲೀಸರೊಂದಿಗೆ ಮನೆಮನೆ ನುಗ್ಗಿ ಡೋಲು ಸುಟ್ಟರು, ಪವಿತ್ರ ಮರ ಕಡಿದರು. ಕ್ಲೆರ್ಸಿನಾಳ ಅಂಗಳಕ್ಕೆ ಬಂದ ಗುಂಪಿನ ಮುಂದೆ ಮೇಣದಬತ್ತಿ ಹಿಡಿದವಳು ಮದಾಂ ಫಿಲಿಸ್ತೆನ್. ಅವಳ ಹಿಂದೆ ಇದೇ ಅಂಗಳದಲ್ಲಿ ಉಂಡವರು, ಜ್ವರ ಇಳಿಸಿಕೊಂಡವರು. ಪಾದ್ರಿ ಒಸ್ನೆಲ್‌ನನ್ನು ಮುಂದೆ ನಿಲ್ಲಿಸಿ, ಈ ಹೆಂಗಸು ನಿನ್ನನ್ನು ಗೋರಿಯಿಂದ ಎಬ್ಬಿಸಿದಳೆಂದು ಒಪ್ಪಿಕೋ, ನಿನ್ನ ಆತ್ಮ ಉಳಿಯುತ್ತದೆ ಎಂದರು.

ಅಷ್ಟರಲ್ಲಿ ಒಸ್ನೆಲ್‌ಗೆ ತುಸು ಮಾತು ಮರಳಿತ್ತು. ಒಂದೊಂದೇ ಪದ ಹುಡುಕಿ ಹೇಳಿದ.

"ನಾನು ಗೋರೀಲಿ ಇರ್ಲಿಲ್ಲ. ಕ್ಯೂಬಾದಲ್ಲಿದ್ದೆ. ಮೇಸ್ತ್ರಿ ಮಚ್ಚಿನ ಹಿಂಬದಿಯಿಂದ ತಲೆಗೆ ಹೊಡೆದ. ಎಚ್ಚರಾದಾಗ ಮಾತು ಹೋಗಿತ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಅಂಗಳದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಾದ್ರಿಯ ಕಿವಿ ಕೆಂಪಾಯಿತು. ಆದರೂ ಬಂದ ಕೆಲಸ ಬಿಡುವುದುಂಟೆ? ಅವಳ ಪೂಜೆಯ ಮೂರೂ ಡೋಲುಗಳಿಗೆ ಬೆಂಕಿ ಇಟ್ಟು, ಮನೆ ಹಿಂದಿನ ಬೂರುಗದ ಮರ ಉರುಳಿಸಿ, ಸ್ತೋತ್ರ ಹಾಡುತ್ತಾ ಹೋದರು.

ಮಳೆಗಾಲದಲ್ಲಿ ಮದಾಂ ಫಿಲಿಸ್ತೆನ್‌ಗೆ ಜ್ವರ ಬಂತು. ಹಿತ್ತಲ ಬಾಗಿಲಿಂದ ಬಂದಳು. ಕ್ಲೆರ್ಸಿನಾ ಸೊಪ್ಪಿನ ನೀರು ಹುಯ್ದಳು, ಸ್ವಲ್ಪ ಹೆಚ್ಚೇ ಬಿಸಿ.

ಒಸ್ನೆಲ್ ಮುಂದಿನ ವರ್ಷ ಮಲೇರಿಯಾದಿಂದ ಸತ್ತ. ಈ ಸಲ ಪೆಟ್ಟಿಗೆಯಲ್ಲಿ ಅವನೇ ಇದ್ದ. ಮಣ್ಣು ಮುಚ್ಚಿದ ಮೇಲೂ ಜನ ಸ್ಮಶಾನದ ಗೋಡೆಯ ಮೇಲೆ, ಕೋಳಿಜಗಳಕ್ಕೆ ಬಂದವರಂತೆ, ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಕ್ಲೆರ್ಸಿನಾ ಅವರ ಮುಂದೆ ನಿಂತಳು.

"ಮನೆಗೆ ಹೋಗ್ರಿ," ಎಂದಳು. "ಅವನು ದಣಿದಿದಾನೆ."

ಕೆಲವರು ಇಳಿದರು. ಉಳಿದವರು ಕತ್ತಲಾಗುವವರೆಗೂ ಕಾದರು. ಅವಳು ನನ್ನ ಅಮ್ಮನ ಕೈ ಹಿಡಿದು ಮನೆಗೆ ಬಂದು, ನೆನೆಹಾಕಿದ್ದ ಬಟ್ಟೆಗಳನ್ನು ಹಿಂಡಿ ಹರವಿದಳು.